ಕರಿಘಟ್ಟದ ಮೇಲೆ ಬೆವರಿನ ಪರೀಕ್ಷೆ

ಗೆಳತಿಯರೇ, ನನ್ನ ಕತ್ತಿನ ಬಿಳಿ ಮಚ್ಚೆಗೆ ಇವತ್ತು ಪರೀಕ್ಷೆಯಾಯಿತು. ನನ್ನನ್ನು ನೋಡಲು ಬಂದ ಬೆಳಗೊಳದ ಮೇಸ್ತ್ರಿ ಕನ್ನಂಬಾಡಿ ಕಟ್ಟೆಯ ಕೆಲಸದವನು, ವಯಸ್ಸು ಅಪ್ಪನಷ್ಟೇ. ಅವನ ಅಕ್ಕ ಮಚ್ಚೆ ನೋಡಿ, "ಬೆಟ್ಟ ಅತ್ಸಿ ನೋಡಾನ. ಬೆವರಿಗೆ ನವೆ ಬಂದ್ರೆ ಚಿಬ್ಬು, ಬರ್ದಿದ್ರೆ ತೊನ್ನು. ತೊನ್ನಾದ್ರೆ ನಮ್ಗೆ ಬ್ಯಾಡ" ಅಂದಳು.

ಉರಿಬಿಸಿಲಲ್ಲಿ ಕರಿಘಟ್ಟ ಹತ್ತಿದೆವು. ಕೆಳಗೆ ಲೋಕಪಾವನಿ ನಿದ್ದೆಗಣ್ಣಲ್ಲಿ ನಡೆದುಬಂದು ಕಾವೇರಿಯನ್ನು ಸೇರುತ್ತಿತ್ತು. ನೋಡುತ್ತಾ ನಿಂತವಳಿಗೆ ನಾನೂ ಅದರ ಜೊತೆ ತೇಲುತ್ತಿರುವ ಹಾಗಿತ್ತು. ಅಷ್ಟರಲ್ಲಿ ಬೆವರಿಳಿದು, ಕತ್ತಿನ ಮೇಲೆ ಇರುವೆ ಸಾಲು ಹರಿದಂತಾಯಿತು.

"ನವೆ ಆಯ್ತದೇನವ್ವ?" ಅಂದಳು ಅಕ್ಕ.

"ಇಲ್ಲ ಕಣತ್ತೆ, ತಣ್ಣಗದೆ" ಅಂದೆ.

ಅವರು ಗಾಡಿ ಹೂಡಿಸಿಕೊಂಡು ಹೊರಟುಹೋದರು. ಈಗ ಅವ್ವ ನಡುಮನೆಯಲ್ಲಿ ಅಳುತ್ತಿದ್ದಾಳೆ. ನಾನು ಕೋಣೆಯ ಕದ ಹಾಕಿಕೊಂಡು, ಕಣ್ಣು ಮುಚ್ಚಿ, ಹಾಯಾಗಿ ಕೆರೆದುಕೊಳ್ಳುತ್ತಿದ್ದೇನೆ.