ಬಾನಾಡಿಗೆ ಬಾಡಿಗೆ ಮನೆ

ಸ್ವೀಡನ್ನಿನ ಲುಂಡ್‌ನಲ್ಲಿ ನಾವು ಬಾಡಿಗೆಗಿದ್ದದ್ದು ಒಂದು ಹಳೆಯ ಇಟ್ಟಿಗೆ ಮನೆಯ ಮಹಡಿಯಲ್ಲಿ. ಕೆಳಗಡೆ ಮನೆಯೊಡತಿ, ಒಬ್ಬರೇ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಹೆಂಗಸು. ನನ್ನ ಗಂಡನಿಗೆ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ಕೆಲಸ. ಅದು ಮೂರನೆಯ ಬೇಸಿಗೆಯ ಕೊನೆಗೆ ಮುಗಿಯುವುದೆಂದು ಮೊದಲೇ ಗೊತ್ತಿತ್ತು. ನನಗೆ ಕೆಲಸವೆಂಬುದು ಇರಲಿಲ್ಲ. ಅಡುಗೆ, ಸ್ವೀಡಿಷ್ ತರಗತಿ, ಆಮೇಲೆ ಕಿಟಕಿ.

ಆ ಕಿಟಕಿಯ ಹತ್ತಿರವೇ ಎಲ್ಲ ಶುರುವಾದದ್ದು. ನಾವು ಹೋದ ಮೊದಲ ಮೇ ತಿಂಗಳಲ್ಲಿ ಒಂದು ಬೆಳಗ್ಗೆ, ಯಾರೋ ಒದ್ದೆ ಟವೆಲಿನಿಂದ ಗೋಡೆಗೆ ಬಡಿದ ಹಾಗೆ ಸದ್ದಾಯಿತು. ಬಗ್ಗಿ ನೋಡಿದರೆ ಕಪ್ಪು ಹಕ್ಕಿ, ಕುಡುಗೋಲಿನಂಥ ರೆಕ್ಕೆ. ಕಿರ್ರೆಂದು ಚೀರುತ್ತ ಬಂದು ಸೂರಿನಡಿಗೆ ಅಪ್ಪಳಿಸಿ, ಉದುರಿ, ಸುತ್ತು ಹೊಡೆದು ಮತ್ತೆ ಬಂದು ಅಲ್ಲಿಗೇ ಅಪ್ಪಳಿಸುತ್ತಿತ್ತು. ನಮ್ಮ ಕಡೆ ಗುಡಿಗೋಪುರದ ಸಂದಿಗಳಲ್ಲಿ ಗೂಡು ಕಟ್ಟುತ್ತವಲ್ಲ, ಆ ಬಾನಾಡಿಗಳ ಜಾತಿಯೇ. ಇವು ಚಳಿಗಾಲವನ್ನು ಆಫ್ರಿಕಾದಲ್ಲಿ ಕಳೆದು ಬರುವಂಥವು.

ಕೆಳಗೆ ತೋಟದಲ್ಲಿ ಮನೆಯೊಡತಿ ಕಾಫಿ ಲೋಟ ಹಿಡಿದು ತಲೆಯೆತ್ತಿ ನಿಂತಿದ್ದರು. "ಹಿಂದಿನ ವರ್ಷ ಚಳಿಗಾಲಕ್ಕೆ ಮೊದಲು ಹಂಚು ಬದಲಾಯಿಸಿದೆವು. ಕೆಲಸದವರು ಸಂದಿಯನ್ನೆಲ್ಲ ಮುಚ್ಚಿಬಿಟ್ಟರು. ನಾನು ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಅವು ಇಲ್ಲೇ ಇದ್ದವು," ಎಂದರು. ಒಳಗೆ ಹೋದರು. ಲೋಟ ಮಾತ್ರ ಹೊರಗಿನ ಮೇಜಿನ ಮೇಲೇ ತಣ್ಣಗಾಯಿತು.

ಅವತ್ತೇ ನಿಶ್ಚಯಿಸಿದೆ: ನಾವು ಊರಿಗೆ ಹೊರಡುವುದರೊಳಗೆ ಆ ಹಕ್ಕಿಗಳು ಈ ಸೂರಿಗೆ ಮರಳಬೇಕು. ಆ ಹೆಂಗಸು ನಮಗೆ ಮಾಡಿದ್ದು ಕಡಿಮೆಯೇನಲ್ಲ. ಒಗ್ಗರಣೆಯ ಘಾಟಿಗೆ ಒಂದು ದಿನವೂ ಮೂಗು ಮುರಿದವರಲ್ಲ. ಲುಂಡ್‌ನಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮನೆ ಬಾಡಿಗೆಗೆ ಕೊಡುವ ವಿದ್ಯೆಯಲ್ಲಿ ನಮ್ಮಜ್ಜಿಯನ್ನು ಮೀರಿಸಿದವರಿಲ್ಲ. ಚಾಮರಾಜಪೇಟೆಯ ವಠಾರವನ್ನು ಒಬ್ಬಳೇ ಆಳಿದವಳು. ನಾನು ಮಾತು ಕಲಿತದ್ದೂ ಅವಳ ಬಾಯಿಂದಲೇ. ಹಾಗಾಗಿ ಫೋನ್ ಕಾರ್ಡು ಗೀರಿ, ಅಜ್ಜಿಗೆ ಫೋನ್ ಮಾಡಿ, ಹಕ್ಕಿಗೆ ಮರದ ಮನೆ ಕಟ್ಟಿಸುವ ವಿಷಯ ಹೇಳಿದೆ.

"ಬಾಗ್ಲು ಯಾವ ದಿಕ್ಕಿಗೇ?"

"ಪೂರ್ವಕ್ಕೆ."

"ಸರಿ. ಜಗುಲಿ?"

"ಹಕ್ಕಿಗೆ ಯಾಕಜ್ಜಿ ಜಗುಲಿ?"

"ಅಷ್ಟು ದೂರದಿಂದ ಬಂದಿರತ್ತೆ ಪಾಪ, ಬಾಗಿಲ ಮುಂದೆ ಒಂದು ಗಳಿಗೆ ಕೂತು ದಣಿವಾರಿಸ್ಕೊಳಕ್ಕೆ ಜಾಗ ಬೇಡ್ವಾ? ಜಗುಲಿ ಇಲ್ಲದ ಮನೆಗೆ ನಾನು ಯಾವತ್ತೂ ಒಳ್ಳೆ ಬಾಡಿಗೆದಾರನ್ನ ಕಂಡಿಲ್ಲ ಕಣೇ."

ನನಗದು ನ್ಯಾಯವಾಗಿಯೇ ಕಂಡಿತು. ಮುಂದಿನ ವರ್ಷ ಹಿಮ ಕರಗಿದ ಮೇಲೆ ನನ್ನ ಗಂಡ ಹಲಗೆ ಕೊಯ್ದು, ಮೊಳೆ ಹೊಡೆದು ಪೆಟ್ಟಿಗೆ ಮಾಡಿದರು. ಬಾಗಿಲ ಮುಂದೆ ಬೆರಳು ಗಾತ್ರದ ಕಡ್ಡಿಯನ್ನೂ ಸಿಕ್ಕಿಸಿದರು. ಒಳಗೆ ಮೆತ್ತಗಿರಲೆಂದು ನಾನು ಹತ್ತಿ ಹಾಸಿದೆ. ಮನೆಯೊಡತಿಯಿಂದ ಒಪ್ಪಿಗೆ ಪಡೆದು, ಏಣಿ ಹತ್ತಿ, ಸೂರಿನಡಿ ಕಟ್ಟಿದ್ದಾಯಿತು.

ಏಪ್ರಿಲ್‌ನಲ್ಲೇ ಬಾಡಿಗೆದಾರರು ಬಂದರು. ಆದರೆ ಬೇರೆ ಯಾರೋ! ಹಳದಿ ಹೊಟ್ಟೆಯ, ಗುಬ್ಬಿ ಗಾತ್ರದ ಒಂದು ಜೋಡಿ. ಗಂಡು ಜಗುಲಿಯ ಮೇಲೆ ಕೂತು, ಮನೆ ತನ್ನ ಹೆಸರಿಗೇ ರಿಜಿಸ್ಟರಾಗಿದೆ ಎಂಬ ಗತ್ತಿನಲ್ಲಿ ಹಾಡಿತು. ನಾನು ಹಾಸಿದ್ದ ಹತ್ತಿಯ ಮೇಲೆ ಹೆಣ್ಣು ಮೊಟ್ಟೆ ಇಟ್ಟಿತು.

ಮನೆಯೊಡತಿ ನೋಡಿ ನಕ್ಕುಬಿಟ್ಟರು. "ಆ ಕಡ್ಡಿ ಯಾಕೆ? ಬಾನಾಡಿಗಳು ಎಲ್ಲೂ ಕೂರುವುದಿಲ್ಲ. ಹಾರಿಬಂದವು ಹಾಗೇ ಒಳಗೆ ನುಗ್ಗುತ್ತವೆ. ಕಡ್ಡಿ ಇಟ್ಟರೆ ಬೇರೆಯವರನ್ನು ಕರೆದ ಹಾಗೆ."

"ಮೊದಲೇ ಯಾಕೆ ಹೇಳಲಿಲ್ಲ ನೀವು?"

"ನಿಮ್ಮ ದೇಶದಲ್ಲಿ ಹಾಗೆ ಮಾಡುತ್ತಾರೇನೋ ಅಂದುಕೊಂಡೆ," ಎಂದರು. ಇನ್ನೊಬ್ಬರ ಕೆಲಸದಲ್ಲಿ ಬಾಯಿ ಹಾಕದಿರುವ ಸ್ವೀಡನ್ನಿನ ಮರ್ಯಾದೆ ಇದು. ನಮ್ಮ ವಠಾರದಲ್ಲಾಗಿದ್ದರೆ ಮೊದಲ ಮೊಳೆಗೇ ನಾಲ್ಕು ಜನ ಬಂದು ಕೆಡವಿಸುತ್ತಿದ್ದರು. ಹಾಗಾಗಿದ್ದರೆ ನನಗೆ ಒಂದು ವರ್ಷ ಉಳಿಯುತ್ತಿತ್ತು.

ಹಳದಿ ಹೊಟ್ಟೆಯವರನ್ನು ಬಿಡಿಸೋಣವೆಂದರೆ, ಮೊಟ್ಟೆಯಿಟ್ಟ ಗೂಡನ್ನು ಮುಟ್ಟುವ ಹಾಗಿಲ್ಲ, ಕಾನೂನು. ಇದನ್ನು ಅಜ್ಜಿಗೆ ಹೇಳಿದೆ.

"ಅಲ್ಲೂ ಬಾಡಿಗೆದಾರರ ಪರವೇ ಏನೇ ಕಾನೂನು?" ಎಂದು ಅವಳು ತಲೆಮಾರಿನ ನೋವನ್ನೆಲ್ಲ ಕೂಡಿಸಿ ಕೇಳಿದಳು.

ಮೇ ಬಂತು. ಬಾನಾಡಿಗಳೂ ಬಂದವು, ಅಪ್ಪಳಿಸಿದವು, ಹೋದವು. ಪೆಟ್ಟಿಗೆಯೊಳಗಿಂದ ಮರಿಗಳು ಚಿಂವ್ ಚಿಂವ್ ಎನ್ನುತ್ತಿದ್ದವು. ಮುದ್ದಾಗಿದ್ದವೆಂದು ಎಲ್ಲರೂ ಹೇಳಿದರು. ನನಗೆ ಹಾಗೆ ಕಾಣಲಿಲ್ಲ.

ಮೂರನೆಯ ವರ್ಷ ಕಡ್ಡಿ ಕಿತ್ತೆವು, ಹತ್ತಿ ತೆಗೆದೆವು, ಹಳದಿ ಹೊಟ್ಟೆಯವರು ನುಗ್ಗದಂತೆ ಮೇ ಮಧ್ಯದವರೆಗೆ ಬಾಗಿಲಿಗೆ ಗಂಡನ ಹಳೆಯ ಕಾಲುಚೀಲ ತುರುಕಿಟ್ಟೆವು. ಸರಿಯಾದ ಹೊತ್ತಿಗೆ ಅದನ್ನು ಕಿತ್ತೆವು. ಬಾನಾಡಿಗಳು ಆಕಾಶದಲ್ಲಿ ತಿರುಗಿದವು. ಪೆಟ್ಟಿಗೆಯ ಕಡೆ ಒಂದೂ ತಿರುಗಿ ನೋಡಲಿಲ್ಲ. ಒಂದು ವಾರ, ಇನ್ನೊಂದು ವಾರ. ನನಗೆ ಅನ್ನ ಇಳಿಯದಷ್ಟು ಕೋಪ.

"ಇನ್ನೂ ಖಾಲಿನಾ?" ಫೋನಿನಲ್ಲಿ ಅಜ್ಜಿ.

"ಖಾಲಿ."

"ಖಾಲಿ ಮನೇಲಿ ಸದ್ದಿಲ್ಲದಿದ್ರೆ ಯಾರೇ ಬರ್ತಾರೆ? ನಾನು ಏನ್ಮಾಡ್ತಿದ್ದೆ ಮರೆತ್ಯಾ? ಮೂಲೆ ಮನೆ ಖಾಲಿಯಾದಾಗೆಲ್ಲ ಒಳಗೆ ದೀಪ ಹಚ್ಚಿ, ರೇಡಿಯೋ ಹಾಕಿ ಬಾಗಿಲು ಎಳ್ಕೊಂಡು ಬರ್ತಿದ್ದೆ. ನೋಡೋಕೆ ಬಂದವ್ರಿಗೆ ಸಂಸಾರ ಇರೋ ಮನೆ ಅನ್ನಿಸ್ಬೇಕು."

"ಹಕ್ಕಿಗೆ ರೇಡಿಯೋ ಹಾಕ್ಲಾ ಅಜ್ಜಿ? ವಾರ್ತೆ ಕೇಳತ್ತಾ ಅದು?" ಎಂದು ಸಿಡುಕಿ ಫೋನ್ ಇಟ್ಟೆ.

ಎರಡು ದಿನದ ಮೇಲೆ ಮನೆಯೊಡತಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಹಕ್ಕಿಗಳ ಕೂಗಿನ ಸಿ.ಡಿ. ಪಕ್ಷಿ ನೋಡುವ ಗೆಳತಿ ಕೊಟ್ಟಳಂತೆ. ಪೆಟ್ಟಿಗೆಯ ಹತ್ತಿರ ಬಾನಾಡಿಯ ಕೂಗು ಹಾಕಿದರೆ, ಇಲ್ಲಿ ಆಗಲೇ ನಮ್ಮವರು ಇದ್ದಾರೆಂದು ತಿಳಿದು ಹೊಸ ಜೋಡಿಗಳು ಬಂದು ನೋಡುತ್ತವಂತೆ. ಚಾಮರಾಜಪೇಟೆಯ ರೇಡಿಯೋನೇ! ಅಜ್ಜಿಗೆ ಫೋನ್ ಮಾಡಿ ಸೋತೆನೆಂದು ಒಪ್ಪಿಕೊಳ್ಳಬೇಕಾಯಿತು. ಅವಳು ಅದನ್ನು ವಠಾರಕ್ಕೆಲ್ಲ ಹೇಳಿದಳು.

ಕಿಟಕಿಯ ಕಟ್ಟೆಯ ಮೇಲೆ ಸಿ.ಡಿ. ಪ್ಲೇಯರ್ ಇಟ್ಟು, ಆ ಒಂದೇ ಕೂಗು ಪದೇ ಪದೇ ಬರುವಂತೆ ಗುಂಡಿ ಒತ್ತಿ, ಬೆಳಗ್ಗೆ ಸಂಜೆ ಹಾಕತೊಡಗಿದೆ. ಬಾನಾಡಿಗಳು ಕೆಳಗಿಳಿದು ಸುಳಿಯತೊಡಗಿದವು. ಅವುಗಳಿಗಿಂತ ಮೊದಲು ಬಾಗಿಲಿಗೆ ಬಂದವನು ಎದುರು ಮನೆಯ ವಿದ್ಯಾರ್ಥಿ, ಪಿಎಚ್‌ಡಿ ಪ್ರಬಂಧ ಬರೆಯುತ್ತಿದ್ದವನು.

"ಕ್ಷಮಿಸಿ. ನಿಜವಾದ ಹಕ್ಕಿ ಎಷ್ಟು ಕೂಗಿದರೂ ನನ್ನ ತಕರಾರಿಲ್ಲ," ಎಂದ. "ಆದರೆ ಈ ಸಿ.ಡಿ.ಯ ಹಕ್ಕಿ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೆ ಎನ್ನುವುದೂ ನನಗೆ ಬಾಯಿಪಾಠವಾಗಿದೆ."

ಬೆಳಗಿನದನ್ನು ನಿಲ್ಲಿಸಿದೆ. ಸಂಜೆಯದು ಉಳಿಯಿತು. ಜೂನ್ ಕೊನೆಯ ಒಂದು ಸಂಜೆ ಒಂದು ಹಕ್ಕಿ ಪೆಟ್ಟಿಗೆಗೆ ರೆಕ್ಕೆ ಸವರಿಕೊಂಡೇ ಹೋಯಿತು. ನಾನು ಅಡುಗೆಮನೆಯಲ್ಲಿ ಸೌಟು ಹಿಡಿದೇ ನೋಡುತ್ತ ನಿಂತಿದ್ದೆ. ಅದು ಮತ್ತೊಂದು ಸುತ್ತು ಹೊಡೆದು ನೇರ ಬಾಗಿಲಿನ ಕಡೆ ಬರುತ್ತಿರುವಾಗ, ಕಿಟಕಿಯಿಂದ "ಗೂ... ಗೂ..." ಎಂದು ಗೂಬೆ ಕೂಗಿತು.

ಆಕಾಶ ಖಾಲಿಯಾಯಿತು.

"ರೀ! ಆ ಪ್ಲೇಯರ್ ಮುಟ್ಟಿದ್ರಾ?"

"ಧೂಳಿತ್ತು, ಒರೆಸ್ದೆ."

"ಮೂರು ವರ್ಷದಲ್ಲಿ ಒಂದಿನ ಫ್ಯಾನ್ ಒರೆಸ್ದೋರಲ್ಲ, ಇವತ್ತೇ ಯಾಕ್ರೀ ನಿಮಗೆ ಧೂಳು ಕಾಣ್ಸಿದ್ದು?"

"ಫ್ಯಾನೇ ಇಲ್ವಲ್ಲೇ ಈ ಮನೇಲಿ."

ಪದೇ ಪದೇ ಹಾಡಿಸುವ ಗುಂಡಿ ಒರೆಸುವಾಗ ಆರಿಹೋಗಿತ್ತು. ಇಡೀ ಸಿ.ಡಿ. ಸುತ್ತಿ ಬಂದು, ನಾಡಿನ ಗೂಬೆಗಳೆಲ್ಲ ಸರದಿಯಲ್ಲಿ ನಮ್ಮ ಕಿಟಕಿಗೆ ಬಂದಿದ್ದವು. ನಾನು ಆ ಗುಂಡಿಯ ಮೇಲೆ ಟೇಪು ಅಂಟಿಸಿದೆ. ಗಂಡನೊಂದಿಗೆ ಮಾತು ಬಿಟ್ಟೆ. ಅವರು ಪಾಪ, ಅಂದು ತಾವೇ ಚಪಾತಿ ಮಾಡಿದರು. ಅದನ್ನು ತಿನ್ನುವುದೂ ನನಗೇ ಶಿಕ್ಷೆಯಾಯಿತು.

ಜುಲೈನಲ್ಲಿ, ನಾವು ಊರಿಗೆ ಹೊರಡಲು ಸಾಮಾನು ಕಟ್ಟುತ್ತಿದ್ದಾಗ, ಒಂದು ಬಾನಾಡಿ ಬಂತು. ಪೆಟ್ಟಿಗೆಯ ಬಾಗಿಲಿಗೇ ಜೋತುಬಿತ್ತು. ತಲೆ ಒಳಗಿಟ್ಟಿತು. ಒಳಗೆ ಹೋಯಿತು! ನಾನು ಮೆಟ್ಟಿಲಿಳಿದು ಓಡಿ ಮನೆಯೊಡತಿಯ ಕೈ ಹಿಡಿದು ಎಳೆದುಕೊಂಡೇ ಬಂದೆ. ಇಬ್ಬರೂ ತೋಟದಲ್ಲಿ ಕತ್ತು ನೋಯುವವರೆಗೆ ನಿಂತೆವು. ಹಕ್ಕಿ ಹೊರಗೆ ಬಿದ್ದಂತೆ ಹಾರಿ ಮೇಲೇರಿತು.

"ಈ ವರ್ಷ ಗೂಡು ಕಟ್ಟುವುದಿಲ್ಲ," ಎಂದರು ಅವರು ಮೆಲ್ಲಗೆ. "ಎಳೆಯದು. ಮನೆ ನೋಡಿಕೊಂಡು ಹೋಗುತ್ತದೆ. ಹಿಡಿಸಿದ್ದರೆ ಬರುವ ಮೇಯಲ್ಲಿ ಬರುತ್ತದೆ."

ಬರುವ ಮೇಯಲ್ಲಿ! ನಾವು ಹೊರಡುವುದು ಆಗಸ್ಟ್‌ನಲ್ಲಿ.

ಅಜ್ಜಿ ಕೇಳಿದಳು, "ನೋಡ್ಕೊಂಡು ಹೋಯ್ತಾ? ಅಡ್ವಾನ್ಸ್ ಕೊಡ್ತಾ?"

"ಇಲ್ಲಜ್ಜಿ."

"ಹಂಗಿದ್ರೆ ನಂಬಬೇಡ."

ಹೊರಡುವ ಹಿಂದಿನ ದಿನ ಪ್ಲೇಯರನ್ನು ಮನೆಯೊಡತಿಗೇ ಬಿಟ್ಟು, ಯಾವ ಗುಂಡಿ, ಎಷ್ಟು ಸದ್ದು, ಎದುರು ಮನೆಯವನ ನಿದ್ದೆಯ ಹೊತ್ತು ಯಾವುದು, ಎಲ್ಲ ಹೇಳಿಕೊಟ್ಟೆ. "ಟೇಪು ಮಾತ್ರ ಕೀಳಬೇಡಿ," ಎಂದು ಎರಡು ಸಲ ಹೇಳಿದೆ. ಅವರು ತಲೆಯಾಡಿಸಿದರು. ತಬ್ಬಿಕೊಂಡರು. ಅದೂ ಅವರೇ ಮೊದಲಾಗಿ.

ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಮನೆಗೆ ಅವರ ಫೋನ್ ಬಂತು. "ಬಂದಿವೆ! ಮನೆಯ ಮೇಲೇ ಸುತ್ತುತ್ತಿವೆ. ನಿಮ್ಮ ಕೋಣೆಯಿಂದಲೇ ಮಾತಾಡುತ್ತಿದ್ದೇನೆ. ಕೇಳಿ!" ಎಂದು ಫೋನನ್ನು ಕಿಟಕಿಗೆ ಹಿಡಿದರು. ಕಿರ್ರೆಂಬ ಚೀರು, ಹತ್ತಿರದಲ್ಲೇ. ಪೆಟ್ಟಿಗೆಯ ಬಾಗಿಲಲ್ಲೇ ಇರಬೇಕು. ನನ್ನ ಕಣ್ಣು ತುಂಬಿ ಬಂತು. ಅಜ್ಜಿಯ ಕಿವಿಗೂ ಹಿಡಿಯೋಣವೆಂದು ಕರೆಯುವಷ್ಟರಲ್ಲಿ ಚೀರು ನಿಂತಿತು. ಇನ್ಯಾವುದೋ ಹಕ್ಕಿ ಶಿಳ್ಳೆ ಹಾಕಿತು. ಅದರ ಹಿಂದೆ ಯಾವುದೋ ಮರ ಕುಟುಕುವ ಸದ್ದು.

"ಟೇಪು!" ಎಂದು ಕನ್ನಡದಲ್ಲೇ ಕಿರುಚಿದೆ. "ಟೇಪು ಯಾರು ಕಿತ್ತಿದ್ದು?"

ಆ ಕಡೆ ಗಡಿಬಿಡಿ. "ಒಂದು ನಿಮಿಷ," ಎಂದರು ಮನೆಯೊಡತಿ. "ಹೊಸ ಬಾಡಿಗೆದಾರರು... ಅವರು ತುಂಬ ಶುಚಿ..." ಏನೋ ಬಿದ್ದ ಸದ್ದು. ಆಮೇಲೆ ದೂರದಲ್ಲಿ ಗೂಬೆ. ಲೈನು ಕಡಿಯಿತು.

ಅಜ್ಜಿ ಒಳಗಿಂದ ಗೋಡೆ ಹಿಡಿದುಕೊಂಡು ಬಂದಳು. "ಬಂದ್ರೇನೇ?"

"ಇಲ್ಲ. ಖಾಲಿ."

"ರೇಡಿಯೋ?"

"ಹಾಡ್ತಿದೆ."

"ಹಾಡ್ಲಿ ಬಿಡು," ಎಂದು ಕುರ್ಚಿ ಎಳೆದುಕೊಂಡು, ಇನ್ನೊಮ್ಮೆ ಕರೆ ಬರಬಹುದೆಂದು ಫೋನಿನ ಪಕ್ಕದಲ್ಲೇ ಕುಳಿತಳು.