ಲುವಾನಕ್ಕ ಒಪ್ಪದ ಜಿಂಕೆ

ಪೆಂಗ್ಹು ದ್ವೀಪದ ಮಾಗೊಂಗ್ ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟುಕೊಂಡಿರುವ ಖೋ ಸಿಯು-ಲುವಾನ್‌ಗೆ ಒಂದು ಚಟವಿದೆ. ಬೆಳಿಗ್ಗೆ ಬಾಗಿಲು ತೆರೆದು, ಒಣಗಿದ ಬೊಂಡಾಸು ಮೀನನ್ನು ಬುಟ್ಟಿಗೆ ಹಾಕಿ, ಸ್ಟೂಲಿನ ಮೇಲೆ ಕೂತು ಮೊಬೈಲು ತೆಗೆದಳೆಂದರೆ, ಅಂದು ಯಾರ್‍ಯಾರು ಯಾವ ಮೂಳೆಯನ್ನು ಯಾವ ಸುಳ್ಳು ಹೆಸರಿನಲ್ಲಿ ಮಾರುತ್ತಿದ್ದಾರೆ ಎಂದು ನೋಡಿ ಮುಗಿಸುವ ತನಕ ಗಿರಾಕಿ ಕಾಯಬೇಕು.

ಅಲ್ಲಿನ ಕಡಲಲ್ಲಿ ಮೂಳೆಗೇನೂ ಬರವಿಲ್ಲ. ಕಡಲು ಒಣನೆಲವಾಗಿದ್ದ ಕಾಲಕ್ಕೆ ಆನೆ, ಎಮ್ಮೆ, ಜಿಂಕೆ ಎಲ್ಲ ಅಲ್ಲಿ ಮೇಯುತ್ತಿದ್ದವಂತೆ. ಅವು ಕಲ್ಲಾಗಿ ತಳದಲ್ಲಿ ಕೂತಿವೆ, ಬಲೆ ಎಳೆದಾಗ ಮೀನಿನ ಜೊತೆ ಮೇಲೆ ಬರುತ್ತವೆ. ಅವನ್ನು ಕೊಂಡು ಆನ್‌ಲೈನಿನಲ್ಲಿ ಮಾರುವ ಆ-ಪಿನ್ ಎಂಬ ಹುಡುಗನಿಗೆ ಎಮ್ಮೆಯ ಹಲ್ಲು ಡ್ರ್ಯಾಗನ್ ಹಲ್ಲು, ಆಮೆಯ ಚಿಪ್ಪು ಡೈನೋಸಾರಿನ ಬುರುಡೆ. ಒಮ್ಮೆ ದುಂಡನೆಯ ಮೂಳೆಯೊಂದಕ್ಕೆ ‘ಡೈನೋಸಾರ್ ಮೊಟ್ಟೆ’ ಎಂದು ಹೆಸರಿಟ್ಟಿದ್ದ. ಲುವಾನ್ ಅದರ ಕೆಳಗೇ ಬರೆದಳು: “ಇದು ತಿಮಿಂಗಿಲದ ಕಿವಿಯ ಮೂಳೆ. ಕಿವಿ ಮೊಟ್ಟೆ ಇಡುವುದಿಲ್ಲ.”

ಆ-ಪಿನ್ ಫೋನ್ ಮಾಡಿದ. “ನಿಮಗೆ ಬೇರೆ ಕೆಲಸ ಇಲ್ವಾ ಅಕ್ಕಾ? ಗಿರಾಕಿ ಮೊಟ್ಟೆ ಬೇಕು ಅಂತಾನೆ, ನಾನು ಮೊಟ್ಟೆ ಅಂತೀನಿ.”

“ಹಾಗಾದ್ರೆ ಕೋಳಿ ಸಾಕು,” ಎಂದು ಇಟ್ಟುಬಿಟ್ಟಳು.

ಅವಳಿಗೆ ಈ ವಿದ್ಯೆ ಬಂದದ್ದು ತೈನಾನಿನ ಲಿಮ್ ಮೇಷ್ಟ್ರಿಂದ. ಕಾಲೇಜಿನಿಂದ ನಿವೃತ್ತರಾದ ಅವರು ಆಸಕ್ತಿಯಿದ್ದ ಕೆಲವರ ಗುಂಪನ್ನು ಮೊಬೈಲಿನಲ್ಲೇ ಕಟ್ಟಿಕೊಂಡು, ಫೋಟೋ ಕಳಿಸಿ ಕಳಿಸಿ ಪಾಠ ಹೇಳುತ್ತಿದ್ದರು. ಹತ್ತು ವರ್ಷದಲ್ಲಿ ಲುವಾನ್ ಅವರ ಅಚ್ಚುಮೆಚ್ಚಿನ ಶಿಷ್ಯೆಯಾದಳು. ಮೂಳೆಯ ಬಗ್ಗೆ ಎಲ್ಲಿ ಜಗಳ ಬಿದ್ದರೂ “ಲುವಾನಕ್ಕ ಏನಂತಾರೆ?” ಎಂದು ಕೇಳುವವರಾದರು. ಗಂಡ ಬದುಕಿದ್ದಾಗಲೂ ಅವಳನ್ನು ಯಾರೂ ಹಾಗೆ ಏನನ್ನೂ ಕೇಳಿರಲಿಲ್ಲ. ಮೇಷ್ಟ್ರದ್ದು ಒಂದೇ ಕಟ್ಟಳೆ: ತಿಳಿಯದೆ ತಪ್ಪು ಹೇಳಿದರೆ ತಿದ್ದುತ್ತೇನೆ, ತಿಳಿದೂ ತಪ್ಪು ಹೆಸರು ಬರೆಯುವವರ ಜೊತೆ ನನಗೆ ಮಾತಿಲ್ಲ.

ಇಷ್ಟೆಲ್ಲ ಮೂಳೆ ನೋಡಿದವಳು ನೋಡದೆ ಬಿಟ್ಟದ್ದು ಒಂದೇ ಒಂದು. ಅದು ಅವಳ ಅಪ್ಪ.

ಅಪ್ಪ ಚುಯಿ-ಬೊಕ್ ಹೋದ ದೋಣಿ ತಿರುಗಿ ಬರಲಿಲ್ಲ. ಲುವಾನ್ ಆಗ ಮೂರನೇ ಕ್ಲಾಸು. ಮರುವರ್ಷ ಊರಿನ ಇನ್ನೊಂದು ದೋಣಿಯ ಬಲೆಗೆ ಒಂದು ಕಾಲಿನ ಮೂಳೆ ಸಿಕ್ಕಿತು. ಬಲೆಗೆ ಬಂದ ಮೂಳೆಯನ್ನು ಅಲ್ಲಿ ಯಾರೂ ನೀರಿಗೆ ಹಿಂದಕ್ಕೆ ಎಸೆಯುವುದಿಲ್ಲ. ಅದು ದಿಕ್ಕಿಲ್ಲದೆ ಸತ್ತ ಯಾರೋ ಅಣ್ಣ. ‘ಒಳ್ಳೇ ಅಣ್ಣ’ ಎಂದು ಕರೆದು, ದಡಕ್ಕೆ ತಂದು, ಬಂದರಿನ ಗುಡಿಯಲ್ಲಿ ಇಡಬೇಕು. ಇಲ್ಲದಿದ್ದರೆ ಬಲೆಗೆ ಮೀನು ಬೀಳದು. ಮೂಳೆ ಯಾವ ಕಾಲದ್ದು ಎಂದು ಬಲೆ ವಿಚಾರಿಸುವುದಿಲ್ಲವಲ್ಲ. “ಆ ನೀರಲ್ಲೇ ಹೋದೋನು, ಆ ನೀರಲ್ಲೇ ಸಿಕ್ಕಿದಾನೆ. ಇನ್ಯಾರಿರ್ತಾರೆ?” ಎಂದ ದೋಣಿಯ ಯಜಮಾನ. ಅಮ್ಮ ಹೌದೆಂದಳು. ಅಂದಿನಿಂದ ಅಮಾವಾಸ್ಯೆ ಹುಣ್ಣಿಮೆ ತಪ್ಪದೆ ಹೋಗಿ ಅನ್ನ, ಹಂದಿಮಾಂಸ, ಅಕ್ಕಿಯ ಹೆಂಡ ಇಟ್ಟು, ಮನೆಯ ಸುದ್ದಿಯನ್ನೆಲ್ಲ ಹೇಳಿ ಬರುತ್ತಾಳೆ. ವರ್ಷಕ್ಕೊಮ್ಮೆ ಮೂಳೆಗೆ ಸುತ್ತಿದ ಕೆಂಪು ಬಟ್ಟೆ ಬದಲಿಸುತ್ತಾಳೆ. ಆಗೆಲ್ಲ ಲುವಾನ್, ಧೂಪದ ಹೊಗೆ ಕಣ್ಣಿಗೆ ಹೋಯಿತೆಂದು ಮುಖ ತಿರುಗಿಸಿ ನಿಲ್ಲುತ್ತಿದ್ದಳು. ಹೊಗೆ ಅಷ್ಟೇನೂ ಇರುತ್ತಿರಲಿಲ್ಲ.

ಈ ವರ್ಷ ಗುಡಿಯ ಮಾಡು ಕೆಡವಿ ಕಟ್ಟಿದರು. ಮುಗಿಯುವ ತನಕ ಮೂಳೆಯ ಜಾಡಿಗಳೆಲ್ಲ ಅಂಗಳದಲ್ಲಿ ಟಾರ್ಪಾಲಿನ ಕೆಳಗೆ ಇದ್ದವು. ಒಳಗಿಟ್ಟ ಮೇಲೆ ಅಮ್ಮ ಹೋಗಿ ನೋಡಿದರೆ ಜಾಡಿಯಲ್ಲಿ ಬಟ್ಟೆಯಿದೆ, ಗಂಡನಿಲ್ಲ.

“ಎಲ್ಲಿಗೆ ಹೋಗ್ತಾರೆ ಬಿಡಿ, ಬರ್ತಾರೆ,” ಎಂದ ಗುಡಿ ನೋಡಿಕೊಳ್ಳುವ ತಿಯಾಮ್ ಮಾಮ.

“ಹೋದ ಸಲಾನೂ ಎಲ್ರೂ ಹೀಗೇ ಹೇಳಿದ್ರಿ,” ಎಂದಳು ಅಮ್ಮ. ಎಂಬತ್ತೇಳರ ಆ ಮುದುಕಿ ಮನೆಗೆ ಬಂದು ಮಲಗಿದವಳು ಗಂಜಿಯನ್ನೂ ಸರಿಯಾಗಿ ಕುಡಿಯಲಿಲ್ಲ.

ಅದಾದ ವಾರದಲ್ಲೇ ಲುವಾನಳ ಮೊಬೈಲಿನಲ್ಲಿ ಆ-ಪಿನ್ನನ ಹೊಸ ಮಾಲು ಕಾಣಿಸಿತು. ‘ಜಿಂಕೆ, ಹಿಂಗಾಲು. ನೈಸರ್ಗಿಕ ಕೆಂಪು ಬಣ್ಣ.’ ಕೆಂಪು ನೈಸರ್ಗಿಕವಾಗಿರಲಿಲ್ಲ. ಅಮ್ಮ ಸುತ್ತುತ್ತಿದ್ದ ಅಗ್ಗದ ಬಟ್ಟೆ ವರ್ಷ ವರ್ಷ ಬಣ್ಣ ಬಿಟ್ಟು ಮೂಳೆಯ ನಡುವಿಗೆ ಬಳೆ ತೊಡಿಸಿದಂತಾಗಿತ್ತು. ಆದರೆ ಜಿಂಕೆ ಮಾತ್ರ ಜಿಂಕೆಯೇ. ಮುಂದೆ ಉದ್ದಕ್ಕೆ ಗೀರು, ತುದಿಯಲ್ಲಿ ರಾಟೆಯಂಥ ಜೋಡಿ ಗಂಟು. ಅವಳ ಬೈಗುಳ ಕೇಳೀ ಕೇಳೀ ಹುಡುಗ ಜನ್ಮದಲ್ಲಿ ಮೊದಲ ಸಲ ಒಂದು ಮೂಳೆಗೆ ಸರಿಯಾದ ಹೆಸರಿಟ್ಟಿದ್ದ.

ಲುವಾನ್ ಫೋನ್ ಮಾಡಿದಳು. “ಅದು ಗುಡಿಯದ್ದು. ನಮ್ಮಪ್ಪ. ತಂದುಕೊಡು.”

“ಯಾರೋ ಚೀಲದಲ್ಲಿ ತಂದ್ರು, ಕೊಂಡೆ. ಅಕ್ಕಾ, ನಿಮ್ಮಪ್ಪನಿಗೆ ಗೊರಸಿತ್ತಾ?”

“ತಂದುಕೊಡು ಅಂದೆ.”

“ತೈಚುಂಗ್ ಗಿರಾಕಿಗೆ ಮಾತು ಕೊಟ್ಟಾಗಿದೆ, ಮಧ್ಯಾಹ್ನದ ಹಡಗಿಗೆ ಹಾಕ್ಬೇಕು. ಇಷ್ಟು ದಿನ ಎಲ್ಲರ ಮುಂದೆ ನನ್ನ ಮಾನ ಕಳೆದ್ರಲ್ಲ, ಈಗ ಅದೇ ಜಾಗದಲ್ಲಿ ಬರೀರಿ ನೋಡೋಣ, ಇದು ಮನುಷ್ಯನ ಮೂಳೆ ಅಂತ. ನೀವು ಹಾಗೆ ಬರೆದ್ರೆ ನಾನೂ ನಂಬ್ತೀನಿ, ಈಗ್ಲೇ ತರ್ತೀನಿ.”

ಅವಳು ಬರೆಯಲಾರಳೆಂದು ಅವನಿಗೆ ಖಾತ್ರಿಯಿತ್ತು. ಅವಳಿಗೂ ಇತ್ತು. ಕದ್ದ ಜಿಂಕೆ ಎಂದು ಬರೆದು ಪೊಲೀಸರನ್ನು ಕರೆದರೆ ಮೂಳೆಯೇನೋ ಸಿಗುತ್ತದೆ. ಆದರೆ ಆ ಪುಟವನ್ನು ತಿಯಾಮ್ ಮಾಮನ ಮೊಮ್ಮಕ್ಕಳೂ ಓದುತ್ತಾರೆ, ಸಂಜೆಯೊಳಗೆ ಅಮ್ಮನಿಗೆ ಸುದ್ದಿ ಮುಟ್ಟುತ್ತದೆ. ಲುವಾನ್ ಕೈ ಒರೆಸಿಕೊಂಡು ಬರೆದಳು: “ತಪ್ಪು ಹೆಸರು. ಇದು ಜಿಂಕೆಯಲ್ಲ, ಮನುಷ್ಯ.”

ಆ ಪುಟ ನೋಡುತ್ತಿದ್ದ ಲಿಮ್ ಮೇಷ್ಟ್ರು ಅದರ ಕೆಳಗೆ ಕೂಡಲೇ ಬರೆದರು: “ಲುವಾನ್, ಮುಂದಿನ ಗೀರು ನೋಡು. ಮೊದಲ ದಿನದ ಪಾಠ.”

“ನೋಡಿದೆ ಸರ್. ಮನುಷ್ಯ. ನನಗೆ ಪರಿಚಯದವರು.”

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಗುಂಪಿನಿಂದ ಅವಳ ಹೆಸರು ತೆಗೆದಿದ್ದರು. ಉಳಿದವರು ಅವಳ ಮಾತಿನ ಕೆಳಗೆ ನಗುವ ಮುಖಗಳನ್ನು ಸಾಲಾಗಿ ಹಾಕುತ್ತಾ ಹೋದರು. ಅವಳಿಗೆ ತಡೆಯಲಾರದಷ್ಟು ದುಃಖವಾಯಿತು. ಅಂಗಡಿಗೆ ಬಂದವರಿಗೆ ಬೊಂಡಾಸಿನ ಉಪ್ಪು ಕಣ್ಣಿಗೆ ಹೋಯಿತೆಂದು ಹೇಳಿದಳು.

ಆ-ಪಿನ್ ಕೊಟ್ಟ ಮಾತಿಗೆ ತಪ್ಪಲಿಲ್ಲ. ನಕ್ಕವರ ಪೈಕಿ ಅವನೊಬ್ಬ ಇರಲಿಲ್ಲ. ಅವಳು ಬರೆದದ್ದು ಎಂದೂ ಸುಳ್ಳಾದದ್ದಿಲ್ಲವಲ್ಲ, ಮಾರಲು ಹೊರಟದ್ದು ಒಬ್ಬ ಒಳ್ಳೇ ಅಣ್ಣನನ್ನು ಎಂದು ಬೆವರಿ ನೀರಾಗಿದ್ದ. ಮೂಳೆಯನ್ನು ಹೊಸ ಟವೆಲಿನಲ್ಲಿ ಸುತ್ತಿ, ಎದೆಗವಚಿಕೊಂಡು, ಒಂದೇ ಕೈಯಲ್ಲಿ ಸ್ಕೂಟರ್ ಓಡಿಸುತ್ತಾ ಬಂದ. “ತಪ್ಪಾಯ್ತು ಅಂತ ಹೇಳಿಬಿಡಿ ಅವರಿಗೆ,” ಎಂದ. ಅವರಿಗೆ ಎಂದರೆ ಟವೆಲಿನೊಳಗಿದ್ದವರಿಗೆ.

ಮರುದಿನ ಗುಡಿಯಲ್ಲಿ ಅಮ್ಮ ಮೂಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಾಡಿಸಿದಳು. ಅವಳಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ.

“ಯಾರ್‍ಯಾರ ಕೈಗೋ ಹೋಗಿ ಬಂದಿದೆ. ನೀನು ಇಷ್ಟೊಂದು ಮೂಳೆ ನೋಡಿದೋಳು, ಸರಿಯಾಗಿ ನೋಡಿ ಹೇಳು. ಅಪ್ಪನೇ ತಾನೆ?”

ಈ ಸಲ ಲುವಾನ್ ಮುಖ ತಿರುಗಿಸಲಿಲ್ಲ. ಮೂಳೆಯನ್ನು ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದು, ಕೆಳಗೆ ಮೇಲೆ ಮಾಡಿ, ಚೆನ್ನಾಗಿ ನೋಡಿದಳು.

“ಅಪ್ಪನೇ ಅಮ್ಮ.”

“ಯಾವ ಕಾಲು?”

“ಎಡಗಾಲು,” ಎಂದಳು. ಅದಂತೂ ನಿಜವಾಗಿತ್ತು.

“ಅದೇ ಕಾಲು ನೋಯ್ತಿತ್ತು ಅವರಿಗೆ,” ಎಂದು ಅಮ್ಮ ಮೂಳೆಯನ್ನು ವಾಪಸು ಇಸಿದುಕೊಂಡು, ಮೆಲ್ಲಗೆ ಒತ್ತತೊಡಗಿದಳು.