ವೆನಿಸ್‌ನ ಸೇತುವೆಯಲ್ಲಿ ಅಮ್ಮ ಓಗೊಟ್ಟದ್ದು

ಕಳೆದ ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷಕ್ಕೆ, ನಾನು ಇಟಲಿಯ ವೆನಿಸ್ ನಗರದಲ್ಲಿ ಒಂದು ಕಾಲುವೆಯ ಸಣ್ಣ ಕಲ್ಲುಸೇತುವೆಯ ನಡುವೆ ನಿಂತಿದ್ದೆ. ನನ್ನ ಚೀಲದಲ್ಲಿ ಎರಡು ಪಾಸ್‌ಪೋರ್ಟ್, ಎರಡು ಮೊಬೈಲ್, ಹೆಂಡತಿಯ ಸಕ್ಕರೆ ಕಾಯಿಲೆಯ ಮದ್ದು, ಒಂದು ಪೊಟ್ಟಣ ಬಿಸ್ಕತ್ತು ಇದ್ದವು. ಹೆಂಡತಿ ಮಾತ್ರ ಇರಲಿಲ್ಲ.

ಭಜನಾ ಮಂಡಳಿಯ ಬಂಧುಗಳೇ, ನಡೆದದ್ದನ್ನು ನಡೆದಂತೆಯೇ ಬರೆಯುತ್ತೇನೆ. ಮುಂಬಯಿ ಬಳಿಯ ಡೊಂಬಿವಲಿಯಿಂದ ಹೊರಟ ಪ್ರವಾಸ ತಂಡದಲ್ಲಿ ನಾವಿಬ್ಬರೇ ಕನ್ನಡದವರು. ವಾಶಿಯ ಹೋಟೆಲಿನ ಕೆಲಸದಿಂದ ನಾನು ನಿವೃತ್ತನಾದಾಗ ಮಗಳು ಹಟ ಹಿಡಿದು ಕಳಿಸಿದ ಪ್ರವಾಸ ಅದು. ಬೆಳಿಗ್ಗೆಯಿಂದಲೇ ನಮ್ಮಿಬ್ಬರಿಗೆ ಜಗಳ. ಆ ಊರಿನಲ್ಲಿ ಎತ್ತ ಹೋದರೂ ಸೇತುವೆ, ಸೇತುವೆಗೆಲ್ಲ ಮೆಟ್ಟಿಲು; ಅವಳಿಗೆ ಮೊಣಕಾಲು ನೋವು.

"ನಮ್ಮ ಐರೋಲಿ ಬ್ರಿಜ್ಜಿನ ಕೆಳಗೂ ಇದೇ ವಾಸನೆ ಉಂಟಲ್ಲ ಮಾರಾಯ್ರೆ. ಅಲ್ಲಿಗೆ ವೀಸಾ ಬೇಡ," ಎಂದಳು.

"ಒಂದು ದಿನ ಬಾಯಿ ಮುಚ್ಚಿ ನೋಡ್ಲಿಕ್ಕೆ ನಿನಗೆ ಎಂತ ಕಷ್ಟ?" ಎಂದೆ.

ಆ ಮಾತು ನಾನು ಆಡಬಾರದಿತ್ತು. ಊಟಕ್ಕೆ ಮೊದಲು ಇನ್ಸುಲಿನ್ ಚುಚ್ಚಿಕೊಂಡಿದ್ದವಳು ಮುನಿಸಿನಲ್ಲಿ ತಟ್ಟೆಯನ್ನೇ ಮುಟ್ಟಲಿಲ್ಲ. ಎರಡೂವರೆಗೆ ಒಂದು ಓಣಿಯಲ್ಲಿ ನಾನು ಬೂಟಿನ ಲೇಸು ಕಟ್ಟಿ ತಲೆ ಎತ್ತುವಷ್ಟರಲ್ಲಿ ಅವಳಿಲ್ಲ.

ತಂಡದ ಮ್ಯಾನೇಜರ್ ಥಾಣೆಯ ಪ್ರಾಚಿ, ಸಹಯಾತ್ರಿ ಠಾಕುರ್ಲಿಯ ಸುಮನ್ ಮಾವಶಿ, ಇಬ್ಬರೂ ಹುಡುಕಲು ಬಂದರು. ನಾನು ಮನೆಯಲ್ಲಿ ಕರೆಯುವಂತೆಯೇ "ಓಯ್! ಓಯ್!" ಎಂದು ಕೂಗಿದೆ. ತಿರುವಿನ ಆಚೆಯಿಂದ "ಓಯ್!" ಎಂದು ಉತ್ತರ ಬಂತು. ಓಡಿದೆ. ಪಟ್ಟೆ ಅಂಗಿಯ ದೋಣಿಯವನು! ತಿರುವಿನಲ್ಲಿ ದೋಣಿಗಳು ಡಿಕ್ಕಿಯಾಗದಂತೆ ಅವರು ಹಾಗೆ ಕೂಗುವುದಂತೆ. ಹೀಗೆ ಮೂರು ಸಲ ಓಡಿ ಮೂವರು ದೋಣಿಯವರ ಮುಖ ನೋಡಿ ಬಂದೆ.

ಪ್ರಾಚಿಗೂ ತಾಳ್ಮೆ ತಪ್ಪಿತು. "ಕಾಕಾ, ಓಯ್ ಕಾಯ್? ನಾವ್ ಘ್ಯಾ ನಾ!" ಹೆಸರು ಹಿಡಿದು ಕರೆಯಿರಿ ಎಂದು.

ನನ್ನ ಹೆಂಡತಿಯ ಹೆಸರು ನಮ್ಮ ಮನೆದೇವರದ್ದೇ. ಅದನ್ನು ಹಿಡಿದು ಹೆಂಡತಿಯನ್ನು ಗದರಬೇಡ ಎಂದು ಮದುವೆಯಾದಾಗಲೇ ನನ್ನ ಅಮ್ಮ ಹೇಳಿದ್ದರು. ಮೂವತ್ತೊಂದು ವರ್ಷ ಅವಳನ್ನು ಆ ಹೆಸರಿನಿಂದ ಕರೆದಿಲ್ಲ. ಆಗಲೂ ಬಾಯಿಗೆ ಬರಲಿಲ್ಲ.

ಆ ಸೇತುವೆಗೆ ಬಂದಾಗ ಕೆಳಗಿನ ನೀರನ್ನು ನೋಡಿದೆ. ಪ್ರಜ್ಞೆ ತಪ್ಪಿ ನೀರಿಗೆ ಬಿದ್ದಿದ್ದಾಳೆ ಎಂದೇ ಅನಿಸಿತು. ಸೇತುವೆಯ ಕಟ್ಟೆ ಹಿಡಿದು, ಸುತ್ತ ಜನರಿರುವುದನ್ನೂ ಮರೆತು, ತಾಯಿಯನ್ನು ಕರೆದೆ: "ಅಂಬಿಕೇ! ಇನ್ನು ನನ್ನಿಂದಾಗದು, ನೀನೇ ಬಾ!"

"ಎಂತ ಬೊಬ್ಬೆ ಅದು! ಇಲ್ಲೇ ಇದ್ದೇನೆ!"

ಧ್ವನಿ ಎಡಗಡೆ ಗೋಡೆಯ ಆಚೆಯಿಂದ ಬಂತು. ಅಲ್ಲೊಂದು ಪುಟ್ಟ ಅಂಗಳ, ನಡುವೆ ಮುಚ್ಚಿದ ಬಾವಿ, ಅದರ ಕಟ್ಟೆಯ ಮೇಲೆ ಅವಳು. ಮೈಯೆಲ್ಲ ಬೆವರು; ಊಟ ಬಿಟ್ಟು ರಕ್ತದ ಸಕ್ಕರೆ ಇಳಿದಿತ್ತು. ಪ್ರಾಚಿ ಸಕ್ಕರೆ ತಿನ್ನಿಸಿದಳು.

"ನಾನು ಅಷ್ಟು ಹೊತ್ತು ಕರೆದದ್ದು ಕೇಳ್ಲಿಲ್ವಾ?"

"ಕೇಳದೆ ಎಂತ? ಮೊದಲನೇ ಓಯ್ ನಿಮ್ಮದೇ ಅಂತ ಅದರ ಹಿಂದೆ ಹೋಗಿಯೇ ದಾರಿ ತಪ್ಪಿದ್ದು. ಈ ಊರಿನ ಗಂಡಸರೆಲ್ಲ ಓಯ್ ಓಯ್ ಅಂತಾರೆ. ಇನ್ನು ಯಾವ ಓಯ್‌ಗೂ ಏಳುವುದಿಲ್ಲ ಅಂತ ಕೂತೆ." ಬೆವರು ಒರೆಸಿಕೊಂಡು ಕೇಳಿದಳು: "ಹೆಸರು ಹಿಡಿದು ಕರೆದದ್ದು ನನ್ನನ್ನಾ?"

ಸುಳ್ಳು ಹೇಳಲಾಗಲಿಲ್ಲ. "ಅಲ್ಲ. ದೇವಿಯನ್ನು."

"ಸರಿ. ಸಿಕ್ಕಿದ್ದು ಮಾತ್ರ ನಾನು. ಬಿಸ್ಕತ್ತು ಕೊಡಿ."

ಇದು ಬರೀ ಹೆಸರಿನ ಆಕಸ್ಮಿಕ ಎನ್ನುವವರ ಜೊತೆ ನಾನು ವಾದಿಸುವುದಿಲ್ಲ. ಭಜನೆಯಲ್ಲೂ ಆ ಹೆಸರನ್ನು ಮೆಲ್ಲಗೆ ಹೇಳುವವನು ನಾನು. ಪರದೇಶದ ಬೀದಿಯಲ್ಲಿ ಅದನ್ನು ಅಷ್ಟು ಗಟ್ಟಿಯಾಗಿ ಕೂಗಿಸಿದವಳು ತಾಯಿ. ಅವಳಿಗೆ ನನ್ನ ಸಾಷ್ಟಾಂಗ ನಮಸ್ಕಾರ.

ನನ್ನ ಕೂಗನ್ನೂ ಬಂದ ಉತ್ತರವನ್ನೂ ಕೇಳಿದವರು ಮೂವರು. ಪ್ರಾಚಿ ಥಾಣೆಯಲ್ಲಿದ್ದಾಳೆ. ಸುಮನ್ ಮಾವಶಿಗೆ ಕನ್ನಡ ಬಾರದು, ಆದರೆ ಕೇಳಿದ ಹೆಸರು ಯಾವುದೆಂದು ಈಗಲೂ ಹೇಳುತ್ತಾರೆ, ಠಾಕುರ್ಲಿಯಲ್ಲೇ ಇದ್ದಾರೆ. ಮೂರನೆಯವಳು ನನ್ನ ಹೆಂಡತಿ. ಅವಳೂ ಇದ್ದಾಳೆ.